ಗಾರ್ಡಿನ ಮುಖ

"ಬೇರೆ ಏನು ಬೇಕಾದ್ರೂ ಕೊಡ್ತೀನಿ. ಇದನ್ನ ಮಾತ್ರ ಕೊಡಲ್ಲ!"

ಚೂಟಿ ಪಜಲ್ ಡಬ್ಬಿಯನ್ನು ಎದೆಗೆ ಅವಚಿಕೊಂಡು ಮಂಚದ ಮೂಲೆಗೆ ಸರಿದಳು. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕುತ್ತಿಗೆಯಲ್ಲಿ ಅಳತೆ ಟೇಪು, ತುಟಿಗಳ ನಡುವೆ ಎರಡು ಗುಂಡುಪಿನ್ನು. ಟೈಲರ್ ಅಮ್ಮನ ಜೊತೆ ಜಗಳ ಆಡುವುದು ಬಲು ಕಷ್ಟ. ಅವಳು ಬಾಯಿಂದ ಪಿನ್ನು ತೆಗೆಯುವ ತನಕ ಉತ್ತರಕ್ಕೆ ಕಾಯಬೇಕು.

ಅಮ್ಮ ಪಿನ್ನು ತೆಗೆದಳು. "ಬೇರೆ ಅಂದ್ರೆ ಏನು? ಕಿವಿ ಕಿತ್ತುಹೋಗಿರೋ ಕರಡೀನಾ? ಮೂರು ಚಕ್ರದ ಕಾರಾ? ಮುರಿದಿದ್ದನ್ನ ಕೊಟ್ರೆ ಅದು ಕೊಟ್ಟ ಹಾಗಲ್ಲ ಕಣೇ, ಎಸೆದ ಹಾಗೆ."

ಅಮ್ಮ 'ಆಸರೆ ಬಳಗ'ದಲ್ಲಿದ್ದಳು. ಯುದ್ಧಕ್ಕೆ ಹೆದರಿ ತಮ್ಮ ಊರು ಬಿಟ್ಟು ಬಂದವರಿಗೆ ಮನೆ ಹುಡುಕಿ ಕೊಡುವುದು, ಹಾಸಿಗೆ ಪಾತ್ರೆ ಒಟ್ಟು ಮಾಡುವುದು, ಇಲ್ಲಿನ ಮಾತು ಕಲಿಸುವುದು, ಮಕ್ಕಳನ್ನು ಸ್ಕೂಲಿಗೆ ಸೇರಿಸುವುದು, ಎಲ್ಲ ಬಳಗದವರ ಕೆಲಸ. ಸಂಬಳ ಗಿಂಬಳ ಏನೂ ಇಲ್ಲ. ಹೊಸ ಮನೆಗಳಿಗೆಲ್ಲ ಕಿಟಕಿ ಪರದೆ ಹೊಲಿಯುವುದು ಅಮ್ಮನ ಪಾಲು. ಈಗ ಹೊಸದಾಗಿ ಬಂದಿರುವ ಕುಟುಂಬದಲ್ಲಿ ಒಬ್ಬ ಅಜ್ಜಿ, ಒಬ್ಬ ತಾಯಿ, ಚೂಟಿಯ ವಯಸ್ಸಿನ ಒಬ್ಬ ಹುಡುಗ, ಅವನ ಪುಟಾಣಿ ತಂಗಿ.

"ಆ ಹುಡುಗನಿಗೆ ಇನ್ನೂ ಸ್ಕೂಲ್ ಸೀಟ್ ಸಿಕ್ಕಿಲ್ಲ. ಆಡೋಕೆ ಒಂದು ಗೋಲಿ ಕೂಡ ಇಲ್ಲ. ಇಡೀ ದಿನ ಗೋಡೆ ನೋಡ್ತಾ ಕೂತಿರ್ತಾನೆ," ಎಂದಳು ಅಮ್ಮ.

"ಗೋಡೆ ನೋಡಿದ್ರೆ ನಾನೇನ್ ಮಾಡ್ಲಿ?"

ಅಮ್ಮ ಬೈಯಲಿಲ್ಲ. ಸುಮ್ಮನೆ ಚೂಟಿಯನ್ನು ನೋಡಿದಳು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

"ಅಪ್ಪಾ! ಇದು ನಿಂದೂ ಅಲ್ವಾ? ಬೇಡ ಅಂತ ಹೇಳು!" ಚೂಟಿ ಅಡುಗೆಮನೆಯ ಕಡೆ ಕೂಗಿದಳು.

"ಕೊಟ್ಬಿಡು ಮಗಳೇ," ಎಂದಿತು ಅಡುಗೆಮನೆ. "ನಾವಿಬ್ಬರೂ ಕಣ್ಣು ಮುಚ್ಕೊಂಡೇ ಜೋಡಿಸೋ ಅಷ್ಟು ಸಲ ಆಡಿದ್ದೀವಿ."

ಅಪ್ಪನೂ ಅಮ್ಮನ ಪಾರ್ಟಿ! ಚೂಟಿಗೆ ಅಳುವೇ ಬಂತು.

ಅದು ರೈಲ್ವೆ ಸ್ಟೇಷನ್ನಿನ ಪಜಲ್. ಜನ, ಪೆಟ್ಟಿಗೆ, ಬೆಂಚಿನ ಕೆಳಗೆ ಮಲಗಿದ ಬೆಕ್ಕು. ಕೊನೆಯ ಬೋಗಿಯಿಂದ ಹೊರಗೆ ಬಾಗಿ ಹಸಿರು ಬಾವುಟ ಹಿಡಿದು ನಗುವ ಮೀಸೆಯ ಗಾರ್ಡು. ಪ್ರತಿ ರಜೆಯಲ್ಲೂ ಅವಳೂ ಅಪ್ಪನೂ ನೆಲದ ಮೇಲೆ ಬೋರಲು ಮಲಗಿ ಅದನ್ನು ಜೋಡಿಸುತ್ತಿದ್ದರು. ಗಾರ್ಡಿನ ಮುಖದ ತುಂಡನ್ನು ಅಪ್ಪ ಮಂಡಿಯ ಕೆಳಗೆ ಬಚ್ಚಿಟ್ಟುಕೊಂಡು ಕೊನೆಯಲ್ಲಿ ಅವಳಿಗೇ ಕೊಡುತ್ತಿದ್ದ. ಅವಳು ಅದನ್ನು ಕೂರಿಸಿದ ತಕ್ಷಣ ಇಬ್ಬರೂ ಸೇರಿ "ಪೀಈಈ" ಎಂದು ಸೀಟಿ ಊದುತ್ತಿದ್ದರು.

ಚೂಟಿ ಡಬ್ಬಿ ಕೊಟ್ಟಳು. ಮುಖ ಬೋಂಡದ ಹಾಗೆ ಊದಿಸಿಕೊಂಡೇ ಕೊಟ್ಟಳು. ಆದರೆ ಅಮ್ಮ ಅತ್ತ ತಿರುಗಿದ್ದಾಗ ಮುಚ್ಚಳ ತೆರೆದು, ತುಂಡುಗಳನ್ನು ಕೆದಕಿ, ಗಾರ್ಡಿನ ಮುಖವನ್ನು ಹುಡುಕಿ ಜೇಬಿಗೆ ಹಾಕಿಕೊಂಡಿದ್ದಳು. ನನ್ನ ಗಾರ್ಡು ಯಾರ ಮನೆಗೂ ಹೋಗಲ್ಲ ಎಂದುಕೊಂಡಳು.

"ತುಂಡೆಲ್ಲ ಸರಿಯಾಗಿದೆ ತಾನೇ?" ಎಂದು ಕೇಳಿದಳು ಅಮ್ಮ.

"ಹೂಂ."

ಅಂದಿನಿಂದ ಅವಳು ಯಾವ ಬಟ್ಟೆ ಹಾಕಿಕೊಂಡರೂ ಅದರ ಜೇಬಿಗೆ ಗಾರ್ಡು ಹತ್ತುತ್ತಿದ್ದ. ಮೊದಮೊದಲು ಒಳಗೊಳಗೇ ಖುಷಿಯೂ ಆಗುತ್ತಿತ್ತು, ಸುಳ್ಳೇಕೆ?

ಮುಂದಿನ ಭಾನುವಾರ ಬಳಗದ ಹಾಲ್‌ನಲ್ಲಿ ಚೂಟಿ ಪರದೆಗಳಿಗೆ ಕೊಕ್ಕೆ ಸಿಕ್ಕಿಸುತ್ತಾ ಕೂತಿದ್ದಳು. ಡ್ರೈವರ್ ಮಾಮ ಬಂದರು. ಅವರು ಮೊದಲು ಬಸ್ ಓಡಿಸುತ್ತಿದ್ದರು, ಈಗ ರಿಟೈರ್ ಆಗಿ ಬಳಗದ ವ್ಯಾನ್ ಓಡಿಸುತ್ತಾರೆ. ಅವರ ಬಾಯಲ್ಲಿ ಸೊಳ್ಳೆ ಕಚ್ಚಿದ್ದೂ ಹುಲಿ ಕಚ್ಚಿದ ಕತೆಯಾಗುತ್ತದೆ.

"ಈ ವಾರ ನಮ್ಮ ಹೊಸ ಮನೇಲಿ ಏನಾಯ್ತು ಗೊತ್ತಾ?" ಮಾಮ ಕುರ್ಚಿ ಎಳೆದುಕೊಂಡು ಶುರು ಮಾಡಿದರು. "ಪಜಲ್‌ನಲ್ಲಿ ಒಂದು ತುಂಡು ಕಳೆದುಹೋಯ್ತು. ಒಂದೇ ಒಂದು! ಅದಕ್ಕೆ ಬೀರು ಎಳೆದ್ರು, ಫ್ರಿಜ್ ಎಳೆದ್ರು, ಹಾಸಿಗೆ ಹೊಲಿಗೆ ಬಿಚ್ಚಿ ನೋಡಿದ್ರು. ಕೊಟ್ಟಿದ್ದನ್ನೆಲ್ಲ ನಾವು ಒಂದಿನ ವಾಪಸ್ ಕೇಳ್ತೀವಿ ಅಂದ್ಕೊಂಡಿದ್ದಾರೆ, ಪಾಪ."

ಚೂಟಿಯ ಕೈ ತನ್ನಷ್ಟಕ್ಕೆ ಜೇಬಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ.

"ಆಮೇಲೆ ಆ ಹುಡುಗನಿಗೆ ತಂಗಿ ಮೇಲೆ ಅನುಮಾನ ಬಂತು. ಅವಳು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋ ಗಿರಾಕಿ ನೋಡಿ! ಬಾಯಿ ತೆಗಿ, ಬಾಯಿ ತೆಗಿ ಅಂತ ಎರಡೇಟು ಹಾಕಿದ್ದಾನೆ. ನುಂಗಿಬಿಟ್ಟಿದ್ದಾಳೆ ಅಂತ ಅಜ್ಜಿ ಎದೆ ಹಿಡ್ಕೊಂಡು ಕೂತುಬಿಟ್ರು. ನಾನೇ ಎಲ್ಲರನ್ನೂ ಆಸ್ಪತ್ರೆಗೆ ತುಂಬ್ಕೊಂಡು ಹೋದೆ. ಡಾಕ್ಟ್ರು ಗಂಟಲಿಗೆ ಟಾರ್ಚ್ ಬಿಟ್ಟು ನೋಡಿ, ಗಾಬರಿ ಬೇಡ, ನುಂಗಿದ್ರೆ ತಾನಾಗೇ ಆಚೆ ಬರುತ್ತೆ ಅಂದ್ರು. ಈಗ ಮಗು ಕಕ್ಕಸಿಗೆ ಕೂತಾಗೆಲ್ಲ ಮನೆಯವರು ಸುತ್ತ ನಿಂತು ಕಾಯ್ತಿದ್ದಾರೆ!"

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ಅಮ್ಮನೂ ನಕ್ಕಳು. ಚೂಟಿಗೆ ಮಾತ್ರ ನಗು ಬರಲಿಲ್ಲ. ಎರಡೇಟು. ಆಸ್ಪತ್ರೆ. ಟಾರ್ಚ್.

"ಸಂಜೆ ಆ ಮನೆಗೇ ಪರದೆ ಹಾಕೋಕೆ ಹೋಗೋದು. ಬರ್ತೀಯಾ?" ಎಂದು ಅಮ್ಮ ಕೇಳಿದಳು.

"ಬರ್ತೀನಿ," ಎಂದಳು ಚೂಟಿ. ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ತುಂಡನ್ನು ಎಲ್ಲಾದರೂ ಬೀಳಿಸಿದರಾಯಿತು. ಅಯ್ಯೋ ಇಲ್ಲಿದೆ ನೋಡಿ ಅಂದರಾಯಿತು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.

ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದದ್ದು ದುಭಾಷಿ ಅಕ್ಕ. ಆ ಮನೆಯವರ ನಾಡಿನಿಂದಲೇ ಕೆಲವು ವರ್ಷಗಳ ಹಿಂದೆ ಬಂದವಳು ಅವಳು. ಇಲ್ಲಿನ ಮಾತು ಈಗ ಅವಳಿಗೆ ನೀರು ಕುಡಿದಷ್ಟು ಸಲೀಸು. ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ಹೇಳಲು ಬರುತ್ತಿದ್ದಳು.

ಬೀರು ಇನ್ನೂ ಗೋಡೆಯಿಂದ ಅರ್ಧ ಮುಂದಕ್ಕೇ ಇತ್ತು. ನೆಲದ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಪಜಲ್. ಪೂರ್ತಿ ಜೋಡಿಸಿಟ್ಟಿದ್ದರು. ಜನ ಇದ್ದರು, ಬೆಕ್ಕು ಇತ್ತು, ಹಸಿರು ಬಾವುಟ ಇತ್ತು. ಗಾರ್ಡಿಗೆ ಮಾತ್ರ ಮುಖವಿರಲಿಲ್ಲ.

ಹುಡುಗ ಎದ್ದು ನಿಂತು, ತಲೆ ತಗ್ಗಿಸಿ, ಏನೋ ಹೇಳಿದ.

"ನೀವು ಕೊಟ್ಟಿದ್ದರಲ್ಲಿ ಒಂದು ತುಂಡು ಕಳೆದುಬಿಟ್ವಿ, ಬೇಜಾರು ಮಾಡ್ಕೋಬೇಡಿ ಅಂತಿದ್ದಾನೆ," ಎಂದಳು ಅಕ್ಕ.

"ಅಯ್ಯೋ, ಅದಕ್ಕೇನಂತೆ ಬಿಡಪ್ಪಾ!" ಎನ್ನುತ್ತಾ ಅಮ್ಮ ಸ್ಟೂಲ್ ಹತ್ತಿ ಪರದೆಯ ಕೊಕ್ಕೆಗಳನ್ನು ಕಂಬಿಗೆ ಹಾಕತೊಡಗಿದಳು.

ಚೂಟಿ ಬಾಗಿಲ ಬಳಿ ಶೂ ಬಿಚ್ಚುವವಳಂತೆ ಬಗ್ಗಿದಳು. ಅಲ್ಲಿದ್ದ ಒಂದು ಪುಟ್ಟ ಶೂ ಒಳಗೆ ತುಂಡನ್ನು ಜಾರಿಸಿದಳು. ಆಮೇಲೆ ಶೂ ಎತ್ತಿ ಅಲ್ಲಾಡಿಸಿದಳು.

"ಸಿಕ್ತು! ಸಿಕ್ತು! ಶೂ ಒಳಗೇ ಇತ್ತು!"

ಅಬ್ಬಬ್ಬಾ, ಆ ಮನೆಯಲ್ಲಿ ಎಂಥಾ ಸಂಭ್ರಮ! ತಾಯಿ ಚಪ್ಪಾಳೆ ತಟ್ಟಿದರು. ಅಜ್ಜಿ ಓಡೋಡಿ ಬಂದು ಚೂಟಿಯ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟರು. "ನಮ್ಮವಳದ್ದು ಹದ್ದಿನ ಕಣ್ಣು!" ಎಂದು ಅಮ್ಮ ಸ್ಟೂಲ್ ಮೇಲಿನಿಂದ ಹೆಮ್ಮೆಪಟ್ಟಳು. ಚೂಟಿಯ ಮನಸ್ಸು ಹಗುರವಾಯಿತು. ಸದ್ಯ, ಮುಗಿಯಿತು.

ಆದರೆ ಹುಡುಗ ತುಂಡನ್ನು ಪಜಲ್‌ಗೆ ಹಾಕಲಿಲ್ಲ. ಅದನ್ನು ಹಿಡಿದು ಬೀರುವಿನ ಹಿಂದಕ್ಕೆ ಹೋದ. ಅಲ್ಲಿ, ಗೋಡೆ ಮತ್ತು ಬೀರುವಿನ ಸಂದಿಯಲ್ಲಿ, ಅವನ ತಂಗಿ ಕೂತಿದ್ದಳು. ಅವನು ಅವಳ ಎದುರು ಕುಕ್ಕರಗಾಲಲ್ಲಿ ಕೂತ.

ಅವನು ಹತ್ತಿರ ಬಂದದ್ದೇ ತಡ, ಮಗು ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಅಗಲವಾಗಿ ತೆರೆದು, ನಾಲಿಗೆ ಹೊರಗೆ ಚಾಚಿತು. "ಆ..." ನೋಡು, ನನ್ನ ಬಾಯಲ್ಲಿ ಏನೂ ಇಲ್ಲ ಎನ್ನುವ ಹಾಗೆ.

ಹುಡುಗನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಆಮೇಲೆ ಅವನು ಹಾಗೇ ನೆಲಕ್ಕೆ ಕುಸಿದು ಮಂಡಿಯೊಳಗೆ ಮುಖ ಹುದುಗಿಸಿದ. ಅವನ ಬೆನ್ನು ಅಲುಗಿತು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳತೊಡಗಿದ.

"ಏನಂತಿದ್ದಾನೆ ಅಕ್ಕಾ?" ಚೂಟಿ ಕೇಳಿದಳು.

"ತಪ್ಪಾಯ್ತು, ತಪ್ಪಾಯ್ತು ಅಂತಿದ್ದಾನೆ. ತಂಗಿಗೆ."

ಅದು ಚೂಟಿ ಹೇಳಬೇಕಾದ ಮಾತು. ಅವನು ಹೇಳುತ್ತಿದ್ದ.

ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಣೆಯ ಮೇಲೆ ಅಜ್ಜಿ ಕೊಟ್ಟ ಮುತ್ತಿನ ಒದ್ದೆ ಇನ್ನೂ ಆರಿರಲಿಲ್ಲ. ಚೂಟಿ ಅಂಗೈಯಿಂದ ಅದನ್ನು ಒರೆಸಿಕೊಂಡಳು.

"ಅಕ್ಕಾ, ಅದು ಶೂ ಒಳಗೆ ಇರ್ಲಿಲ್ಲ."

"ಅಂದ್ರೆ?"

"ನನ್ನ ಜೇಬಲ್ಲಿತ್ತು. ಮೊದಲಿಂದಾನೂ. ಅವನು ಕಳೆದಿಲ್ಲ. ಪಾಪುನೂ ನುಂಗಿಲ್ಲ. ನಾನೇ... ನಾನು ಡಬ್ಬಿ ಕೊಡೋಕೆ ಮುಂಚೆನೇ ತೆಗೆದಿಟ್ಕೊಂಡಿದ್ದೆ."

ಕಿಟಕಿಯ ಬಳಿ ಒಂದು ಕೊಕ್ಕೆ ಟಣ್ ಎಂದು ನೆಲಕ್ಕೆ ಬಿತ್ತು. ಚೂಟಿ ಆ ಕಡೆ ತಿರುಗಲಿಲ್ಲ. ಅಮ್ಮನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

ಅಕ್ಕ ಬಗ್ಗಿ ಮೆಲ್ಲಗೆ ಕೇಳಿದಳು. "ಇದನ್ನ ಅವನಿಗೆ ಹೇಳ್ಲಾ?"

ಚೂಟಿ ಹೂಂ ಎಂದು ತಲೆಯಾಡಿಸಿದಳು.

ಅಕ್ಕ ಹೇಳತೊಡಗಿದಳು. ಚೂಟಿ ಹೇಳಿ ಮುಗಿಸಿದ್ದ ಮಾತು ಈಗ ಇನ್ನೊಂದು ಭಾಷೆಯಲ್ಲಿ ಮೊದಲಿಂದ ಶುರುವಾಯಿತು. ಯಾವ ಶಬ್ದ ಶೂ, ಯಾವ ಶಬ್ದ ಜೇಬು, ಅವಳಿಗೆ ತಿಳಿಯಲಿಲ್ಲ. ಹುಡುಗನ ಮುಖವನ್ನೇ ನೋಡುತ್ತಾ ನಿಂತಳು. ಒಂದು ಮಾತಿಗೆ ಅವನ ಬಿಕ್ಕು ನಿಂತಿತು. ಅವನು ತಲೆ ಎತ್ತಿ ನೇರವಾಗಿ ಅವಳನ್ನು ನೋಡಿದ. ಓ, ಇದೇ ಇರಬೇಕು ಆ ಮಾತು ಎಂದು ಚೂಟಿಗೆ ಗೊತ್ತಾಯಿತು.

ಅವನು ಚಿಕ್ಕದಾಗಿ ಏನೋ ಕೇಳಿದ.

"ಯಾಕೆ ಅಂತ ಕೇಳ್ತಿದ್ದಾನೆ," ಎಂದಳು ಅಕ್ಕ.

ಹೇಳಲು ಬೇಕಾದಷ್ಟಿತ್ತು. ಅಪ್ಪನ ಮಂಡಿ, ರಜೆ, ಸೀಟಿ.

"ಅದು ನಂದಾಗಿತ್ತು," ಎಂದಳು ಚೂಟಿ.

ಅಕ್ಕ ಅದನ್ನು ಹೇಳಿದಳು. ಅವರ ಭಾಷೆಯಲ್ಲೂ ಅದು ಪುಟ್ಟ ಮಾತೇ. ಹುಡುಗ ಕೈಯಲ್ಲಿದ್ದ ಗಾರ್ಡಿನ ಮುಖವನ್ನು ತಿರುಗಿಸಿ ತಿರುಗಿಸಿ ನೋಡಿದ. ತಗ್ಗಿದ ದನಿಯಲ್ಲಿ ಏನೋ ಅಂದ. ಈ ಸಲ ಅಕ್ಕ ಅದನ್ನು ಕೇಳಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಏನಂದ ಅಕ್ಕಾ?"

"ನನ್ಹತ್ರಾನೂ ಒಂದಿತ್ತು, ಅಂದ."

ಚೂಟಿ ಕೋಣೆಯನ್ನು ನೋಡಿದಳು. ಆ ಸೋಫಾ ಪಕ್ಕದ ಬೀದಿಯ ಆಂಟಿಯದ್ದು. ಮೇಜು ಡ್ರೈವರ್ ಮಾಮನದ್ದು. ಪುಟ್ಟ ಶೂ ಯಾವುದೋ ಮಗುವಿನದ್ದು. ಇವರಿಗೆ ಏನೂ ಇಲ್ಲ, ಏನೂ ಇಲ್ಲ ಎಂದು ಎಲ್ಲರೂ ಹೇಳಿದ್ದರು. ಏನೇನು ಇತ್ತು ಎಂದು ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

"ಅಕ್ಕಾ, ಅದ್ರಲ್ಲಿ ಯಾವ ಚಿತ್ರ ಇತ್ತು ಅಂತ ಕೇಳ್ತೀರಾ?"

ಅಕ್ಕ ಕೇಳಿದಳು. ಹುಡುಗ ತುಂಡನ್ನು ನೆಲದ ಮೇಲಿಟ್ಟು, ತಂಗಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕೂದಲಲ್ಲಿ ಗಲ್ಲ ಊರಿದ.

ಅಮ್ಮ ಸ್ಟೂಲ್‌ನಿಂದ ಇಳಿದು, ಬಿದ್ದ ಕೊಕ್ಕೆಯನ್ನು ಎತ್ತಿಕೊಂಡು, ಮತ್ತೆ ಹತ್ತಿದಳು. ಇನ್ನೊಂದು ಕಿಟಕಿ ಬಾಕಿಯಿತ್ತು. ಅವನು ಯಾವಾಗಲಾದರೂ ಹೇಳಿದರೆ ಕೇಳಿಸಿಕೊಳ್ಳಬೇಕೆಂದು ಚೂಟಿ ಅಲ್ಲೇ, ಅವರಿಬ್ಬರಿಂದ ಸ್ವಲ್ಪ ದೂರದಲ್ಲಿ, ನೆಲದ ಮೇಲೆ ಕೂತಳು.