ಕನ್ನಡಿಯಲ್ಲಿ ಎಲ್ಲರೂ

ಚಳಿಗಾಲ ಇನ್ನೇನು ಮುಗಿಯುತ್ತಿತ್ತು. ಬುಧವಾರ, ಬೆಳಗ್ಗೆ ಏಳು ಗಂಟೆ. ಸ್ಕೂಲ್ ಬಸ್ಸಿನ ಕಿಟಕಿಗಳ ಮೇಲೆಲ್ಲ ಮಂಜು ಕೂತಿತ್ತು.

“ನಂಗ್ ತೋರ್ಸೇ! ತಳ್ಬೇಡ್ರೋ!”

ಹಿಂದಿನ ಸೀಟಿನಲ್ಲಿ ಗುಬ್ಬಿಯನ್ನು ಮಕ್ಕಳು ಮುತ್ತಿಕೊಂಡಿದ್ದರು. ಅವಳ ಕೈಯಲ್ಲಿ ಅಕ್ಕನನ್ನು ಕಾಡಿ ಬೇಡಿ ತಂದ ಫೋನು. ಫೋನಿನಲ್ಲಿ ಬಸ್ ಮಾಮನ ಫೋಟೋ.

ಗುಬ್ಬಿಯ ಅಕ್ಕ ಚಿಕ್ಕವಳಿದ್ದಾಗಲೂ ಈ ಬಸ್ಸು ಓಡಿಸುತ್ತಿದ್ದವರು ಈ ಮಾಮನೇ. ಶುಕ್ರವಾರ ಕೆಲಸ ಬಿಡುವವರಿದ್ದರು. ಅವತ್ತು ಅವರದೇ ಫೋಟೋಗೆ ಫ್ರೇಮ್ ಹಾಕಿಸಿ ಕೊಡಬೇಕೆಂದು ಮಕ್ಕಳ ಗುಟ್ಟು. ಗುರುವಾರ ಸಂಜೆಯೊಳಗೆ ಪ್ರಿಂಟ್ ಆಗಬೇಕು.

“ಸೂಪರ್ ಕಣೇ! ಹಿಂದೆ ಎಲ್ಲಾ ಬ್ಲರ್!”

“ಸಿನಿಮಾ ಹೀರೋ ಥರ ಇದಾರೆ!”

ಗುಬ್ಬಿ ಹಿಗ್ಗಿ ಹೀರೇಕಾಯಿಯಾದಳು. ಒಬ್ಬಳು ಮಾತ್ರ ಬಾಯಿ ಬಿಡಲಿಲ್ಲ. ಅವಳು ದಪ್ಪ ಕನ್ನಡಕದ ಸೋಡಾಬುಡ್ಡಿ, ಗುಬ್ಬಿಯ ಜೀವದ ಗೆಳತಿ.

“ನೀನ್ ಹೇಳೇ.”

“ನಗು ತುಂಬಾ ಚೆನ್ನಾಗ್ ಬಂದಿದೆ. ಮಾಮನ ಹಲ್ಲಿನ ಸಂದಿ ಕೂಡ ಕಾಣ್ತಿದೆ. ಆದ್ರೆ...”

“ಆದ್ರೆ ಏನು?”

“ಹಿಂದೆ ನಾವೆಲ್ಲ ಕೂತಿದ್ವಲ್ಲ, ಎಲ್ಲಿ? ಇದು ಬಸ್ಸೋ ಬಚ್ಚಲುಮನೆಯೋ ಗೊತ್ತಾಗಲ್ಲ. ನಾನ್ ಕನ್ನಡಕ ತೆಗೆದ್ರೆ ಹಿಂಗೇ ಕಾಣೋದು.”

ಎಲ್ಲರೂ ಗೊಳ್ಳೆಂದು ನಕ್ಕರು. ಗುಬ್ಬಿಯ ಮೂಗು ಕೆಂಪಾಯಿತು. “ನಿಂಗೆ ಹೊಟ್ಟೆಕಿಚ್ಚು!” ಎಂದವಳೇ ಫೋನನ್ನು ಬ್ಯಾಗಿಗೆ ತುರುಕಿ ಬೇರೆ ಸೀಟಿಗೆ ಹೋದಳು. ಅವತ್ತು ಊಟದ ಬೆಲ್ ಆದಾಗಲೂ ಮಾತಿಲ್ಲ, ಕತೆಯಿಲ್ಲ.

ಸಂಜೆ ಮನೆಯ ಮೆಟ್ಟಿಲ ಮೇಲೆ ಕೂತು ಫೋಟೋ ದೊಡ್ಡದು ಮಾಡಿ ನೋಡಿದಳು. ಮಾಮನ ನಗು ಅಚ್ಚುಕಟ್ಟು. ಅವರ ಭುಜದ ಹಿಂದೆ ಒಂದು ಹಳದಿ ಕಲೆ, ಕರಗಿದ ಬೆಣ್ಣೆಯ ಹಾಗೆ. ಏನಪ್ಪಾ ಇದು? ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು. ಸೋಡಾಬುಡ್ಡಿಯ ಟೋಪಿ! ಕ್ಯಾಮೆರಾ ನೋಡಿ ಅವಳು ಕೈ ಬೀಸಿದ್ದಳು. ಆ ಕೈಯೂ ಇಲ್ಲ, ಮುಖವೂ ಇಲ್ಲ.

ಗುಬ್ಬಿಗೆ ತನ್ನ ಮೊದಲ ದಿನ ನೆನಪಾಯಿತು. ಅಮ್ಮ ಬೇಕೆಂದು ಊರೆಲ್ಲ ಕೇಳುವ ಹಾಗೆ ಅತ್ತಿದ್ದಳು. ಮಾಮ ಬೈಯಲಿಲ್ಲ. ತಲೆಯ ಮೇಲಿನ ಉದ್ದ ಕನ್ನಡಿಯನ್ನು ಮೆಲ್ಲಗೆ ಅವಳ ಕಡೆ ತಿರುಗಿಸಿದ್ದರು.

“ನಾನ್ ಕಾಣ್ತೀನಾ ಪುಟ್ಟಾ? ನಂಗೂ ನೀನ್ ಕಾಣ್ತೀಯ. ಇನ್ಯಾಕ್ ಭಯ?”

ಅಂದಿನಿಂದ ದಿನವೂ ನೋಡಿದ್ದಾಳೆ. ಕನ್ನಡಿಯಲ್ಲಿ ಪ್ರತಿಯೊಂದು ಮುಖ ನೋಡಿ, “ಎಲ್ರೂ ಇದೀರಾ? ಹೊರಡೋಣ” ಅನ್ನದೆ ಮಾಮ ಗಾಡಿ ಹೊರಡಿಸಿದವರಲ್ಲ.

ಗುರುವಾರ ಬೆಳಗ್ಗೆ ಗುಬ್ಬಿ ಸೋಡಾಬುಡ್ಡಿಯ ಪಕ್ಕ ಬಂದು ಕೂತಳು.

“ಇನ್ನೊಂದ್ ಸಲ ತೆಗೀತೀನಿ. ನೀನ್ ನೋಡಿ ಹೇಳ್ತೀಯಾ?”

“ಹೇಳಿದ್ರೆ ಮತ್ತೆ ಸೀಟ್ ಬದಲಾಯಿಸ್ತೀಯಾ?”

“ಇಲ್ವೇ ಮಾರಾಯ್ತಿ!”

ಬಸ್ಸು ಶಾಲೆಯ ಗೇಟಿನಲ್ಲಿ ನಿಂತಿತು. ಗುಬ್ಬಿ ಬ್ಲರ್ ಆಫ್ ಮಾಡಿ, ಸೀಟುಗಳ ನಡುವೆ ನಿಂತು, ಫೋನನ್ನು ಕನ್ನಡಿಗೇ ಹಿಡಿದಳು. “ಮಾಮ, ಸ್ವಲ್ಪ ಈಚೆ ವಾಲಿ.”

“ಮೊನ್ನೆ ತೆಗೆದಿದ್ದು ಸಾಲದಾ? ನಾನೇನ್ ಮದುವೆ ಗಂಡಾ?” ಮಾಮ ನಕ್ಕರು.

ಸೋಡಾಬುಡ್ಡಿ ಫೋನನ್ನು ಮೂಗಿಗೇ ಹಿಡಿದು ನೋಡಿದಳು. “ಸ್ವಲ್ಪ ಸೊಟ್ಟಗಿದೆ. ಇನ್ನೊಂದು.”

ಗುಬ್ಬಿ ಇನ್ನೊಂದು ತೆಗೆದಳು.

ಶುಕ್ರವಾರ ಸಂಜೆ ಶಾಲೆಯ ಗೇಟಿನಲ್ಲಿ ನಿಂತ ಬಸ್ಸಿನಲ್ಲೇ ಮಾಮ ಉಡುಗೊರೆಯ ಕಾಗದ ಬಿಚ್ಚಿದರು. ತಮ್ಮ ಮುಖ ನೋಡಲೇ ಇಲ್ಲ. ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಮುಖ ಮುಟ್ಟುತ್ತ ಹೋದರು. ಬೆರಳು ನಿಂತಿತು.

“ಗುಬ್ಬಿ ಎಲ್ಲಿ?”

“ಫೋನ್ ಹಿಂದೆ ಮಾಮ! ನೋಡಿ, ಜಡೆ!” ಎಂದಳು ಸೋಡಾಬುಡ್ಡಿ.

ಫೋನಿನ ಎರಡೂ ಬದಿಗೆ ಎರಡು ಜಡೆ ಇಣುಕಿದ್ದವು. ಮಾಮ ಅವನ್ನೂ ಮುಟ್ಟಿದರು.

“ಎಲ್ರೂ ಇದೀರಾ,” ಎಂದರು. ಫೋಟೋವನ್ನು ಮತ್ತೆ ಕಾಗದದಲ್ಲಿ ಸುತ್ತಿದರು. “ಹೊರಡೋಣ.”

ಮಕ್ಕಳನ್ನು ಮನೆಗೆ ಬಿಡಲು ಹೊಸ ಡ್ರೈವರ್ ಬಂದಿದ್ದರು. ಮಾಮ ಬಸ್ಸಿನ ಕೀಲಿ ಶಾಲೆಯ ಆಫೀಸಿಗೆ ಕೊಟ್ಟು, ಫೋಟೋ ಕಂಕುಳಲ್ಲಿ ಇಟ್ಟುಕೊಂಡು ರಸ್ತೆಯುದ್ದಕ್ಕೂ ನಡೆದು ಹೋದರು. ಒಮ್ಮೆಯೂ ಹಿಂದೆ ತಿರುಗಲಿಲ್ಲ.

“ನೋಡ್ಲೇ ಇಲ್ವಲ್ಲೇ,” ಎಂದಳು ಸೋಡಾಬುಡ್ಡಿ.

ಗುಬ್ಬಿ ಅವಳ ಕೈ ಹಿಡಿದುಕೊಂಡಳು. ಹಿಂದೆ ಇದ್ದವರೆಲ್ಲ ಫೋಟೋದೊಳಗೆ ಮಾಮನ ಕಂಕುಳಲ್ಲೇ ಇದ್ದರು.

ಹಾಗೆ ಬಸ್ ಮಾಮ ಹೋದದ್ದು, ಆ ಶುಕ್ರವಾರ.