ಎರಡನೇ ಪುಟದ ಮಾತು

“ಮಿಸ್, ಇದಕ್ಕೆ ಸೊನ್ನೆ ಯಾಕೆ?”

ನಿಶ್ಮಿತಾ ಇದನ್ನು ಕೇಳುತ್ತಿರುವುದು ಮೂರನೇ ಸಲ. ಮೊದಲ ಸಲ ಕೂತಲ್ಲಿಂದಲೇ ಕೇಳಿದ್ದಳು. ಎರಡನೇ ಸಲ ಎದ್ದು ನಿಂತು ಕೇಳಿದ್ದಳು. ಈಗ ಮೇಜಿನ ಹತ್ತಿರವೇ ಬಂದು, ವರ್ಕ್‌ಶೀಟನ್ನು ಪ್ರಿಯಂವದಾ ಮಿಸ್ಸಿನ ಮೂಗಿಗೆ ತಾಗುವ ಹಾಗೆ ಹಿಡಿದಿದ್ದಳು.

ನಾಲ್ಕನೇ ಪ್ರಶ್ನೆಯ ಎದುರು ಕೆಂಪು ಪೆನ್ನಿನ ಸೊನ್ನೆ. ಕೋಳಿಮೊಟ್ಟೆಯಷ್ಟು ದೊಡ್ಡದು. ಪಕ್ಕದಲ್ಲಿ ‘ನೋ ಎವಿಡೆನ್ಸ್’ ಎಂದು ಬರೆದಿತ್ತು. ಕತೆಯಲ್ಲಿ ಸಾಕ್ಷಿಯೇ ಇಲ್ಲವಂತೆ!

“ನಿಶ್ಮಿತಾ, ಪ್ಲೀಸ್ ಸಿಟ್. ಹೇಳಿದ್ನಲ್ಲ, ಕರೆಕ್ಟ್ ಆನ್ಸರ್ ಪೇಜ್ ನೈನ್.”

“ಅಲ್ಲ ಮಿಸ್. ಪೇಜ್ ಟೂ.”

“ಆನ್ಸರ್ ಕೀಯಲ್ಲಿ ನೈನ್ ಅಂತಿದೆ ಕಣೇ.”

“ಹಾಗಾದ್ರೆ ಕೀ ತಪ್ಪು!”

ಕ್ಯಾಂಪಿನ ಹಾಲ್‌ನಲ್ಲಿ ‘ಓ...’ ಎಂಬ ಸದ್ದೆದ್ದಿತು. ಹಿಂದಿನ ಸಾಲಿನಿಂದ ಅನುರಾಗ್ ಕೂಗಿದ, “ಕೀ ರಾಂಗ್ ಅಂತೆ! ತಾಲಾ ತೋಡ್ ದೋ ಯಾರ್!”

ಕೀ ತಪ್ಪಾದರೆ ಬೀಗವನ್ನೇ ಒಡೆಯಬೇಕಂತೆ! ಎಲ್ಲರೂ ನಕ್ಕರು. ನಿಶ್ಮಿತಾಳ ಕಿವಿ ಬಿಸಿಯಾಯಿತು.

ಮುಲುಂಡ್ ಸ್ಟೇಶನ್ನಿನ ಹತ್ತಿರ ಕನ್ನಡದವರ ಬಳಗವೊಂದರ ಹಾಲ್ ಇದೆ. ಅಲ್ಲಿ ಮೇ ತಿಂಗಳಿಡೀ ಸಮ್ಮರ್ ರೀಡಿಂಗ್ ಕ್ಯಾಂಪ್. ಆರು, ಏಳನೇ ಕ್ಲಾಸಿನವರದು ದೊಡ್ಡವರ ಗುಂಪು. ಅವರು ಕತೆ ಓದಿದರೆ ಸಾಲದು, ಕತೆಯನ್ನು ಬಿಚ್ಚಿ ನೋಡಬೇಕು. ಇವನು ಹೀಗೇಕೆ ಮಾಡಿದ? ಅವಳಿಗೆ ಏನನ್ನಿಸಿತು? ನಿನಗೆ ಹೇಗೆ ಗೊತ್ತು? ಯಾವ ಸಾಲಿನಿಂದ ಗೊತ್ತು?

ನಿಶ್ಮಿತಾಳಿಗೆ ಇದು ಬಹಳ ಇಷ್ಟವಾಗಿತ್ತು. ಪೊಲೀಸರ ಕೆಲಸದ ಹಾಗೆ. ಸಾಲುಗಳ ನಡುವೆ ಬಗ್ಗಿ ಬಗ್ಗಿ ಹುಡುಕುವುದು.

ಈ ವಾರದ ಕತೆ ಕೊಡೆ ರಿಪೇರಿ ಮಾಡುವ ಕೊರಗಪ್ಪನದು. ಪುಸ್ತಿಕೆಯಲ್ಲಿ ಎಡಗಡೆ ಕನ್ನಡ, ಬಲಗಡೆ ಅದೇ ಕತೆ ಇಂಗ್ಲಿಷಿನಲ್ಲಿ. ಉಳಿದವರೆಲ್ಲ ಇಂಗ್ಲಿಷನ್ನು ಸರಸರ ಓದಿ ಮುಗಿಸಿದರು. ನಿಶ್ಮಿತಾ ಮಾತ್ರ ಕನ್ನಡದ ಕಡೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅಮ್ಮ ಕಳೆದ ವರ್ಷ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಬರೆಸಿ ಬರೆಸಿ ಕಲಿಸಿದ ಅಕ್ಷರಗಳು. ಹಾಗೆ ಓದಿದ್ದರಿಂದ ತಡವಾಯಿತು. ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯುವ ಮೊದಲೇ ಬೆಲ್ ಹೊಡೆದೇ ಬಿಟ್ಟಿತು.

ನಾಲ್ಕನೇ ಪ್ರಶ್ನೆ ಹೀಗಿತ್ತು: ಕೊರಗಪ್ಪ ಮನೆಗೆ ಮರಳುವುದಿಲ್ಲ ಎಂದು ನಮಗೆ ಮೊದಲು ಗೊತ್ತಾಗುವುದು ಯಾವಾಗ?

ಒಂಬತ್ತನೇ ಪುಟದಲ್ಲಿ, ಅವನ ಕಾಗದ ಬಂದಾಗ ಎಂದು ಎಲ್ಲರೂ ಬರೆದರು. ಎರಡನೇ ಪುಟದಲ್ಲಿ, ಅವನು ‘ಹೋಗುತ್ತೇನೆ’ ಅಂದಾಗ ಎಂದು ನಿಶ್ಮಿತಾ ಬರೆದಳು.

“ನೋಡಿ ಮಿಸ್,” ಅವಳು ಪುಸ್ತಿಕೆಯನ್ನು ಮೇಜಿನ ಮೇಲೆ ಬಿಡಿಸಿದಳು. “ಮೊದಲನೇ ಪುಟದಲ್ಲಿ ‘ಹೋಗಿ ಬರುತ್ತೇನೆ ಅತ್ತಿಗೆ’ ಅಂತಾನೆ. ಅಣ್ಣನ ಹತ್ರ ಜಗಳ ಆದ್ಮೇಲೆ ‘ಹೋಗುತ್ತೇನೆ ಅತ್ತಿಗೆ’ ಅಂತಾನೆ. ‘ಬರುತ್ತೇನೆ’ ಇಲ್ಲವೇ ಇಲ್ಲ!”

ಮಿಸ್ಸಿನ ಕಣ್ಣು ಎಡಗಡೆಗೆ ಹೋಗಲೇ ಇಲ್ಲ. ಬಲಗಡೆಯ ಪುಟವನ್ನೇ ನೋಡಿದರು. “ಇಲ್ಲಿ ಎರಡು ಸಲಾನೂ ‘ಬೈ’ ಅಂತಾನೇ ಇದೆಯಲ್ಲ. ಸೇಮ್ ವರ್ಡ್.”

“ಇಂಗ್ಲಿಷ್ ಪೇಜೇ ತಪ್ಪು ಮಿಸ್!”

“ಕೀ ತಪ್ಪು, ಪೇಜ್ ತಪ್ಪು, ಎಲ್ಲಾನೂ ತಪ್ಪು. ನೀನೊಬ್ಳೇ ರೈಟಾ?” ಮಿಸ್ ನಿಟ್ಟುಸಿರು ಬಿಟ್ಟರು. “ಹತ್ತಕ್ಕೆ ನಾಲ್ಕು ಬಂದಿದೆ ನಿಶ್ಮಿತಾ. ಐದಕ್ಕಿಂತ ಕಮ್ಮಿ ಬಂದ್ರೆ ಚಿಕ್ಕವರ ಗುಂಪು. ರೂಲ್ ಎಲ್ಲರಿಗೂ ಒಂದೇ. ನಾಳೆಯಿಂದ ಆ ಕಡೆ ಕೂತ್ಕೋ.”

ಆ ಕಡೆ ಎಂದರೆ ಚಾಪೆ. ಮೂರನೇ ಕ್ಲಾಸಿನ ಮಕ್ಕಳು ಆನೆಯ ಚಿತ್ರಕ್ಕೆ ಬಣ್ಣ ತುಂಬುವ ಜಾಗ. ಅನುರಾಗನ ತಂಗಿ ಕೂಡ ಅಲ್ಲೇ ಇದ್ದಳು. ಅವಳು ಆಗಲೇ ಚೂರು ಸರಿದು, ನಿಶ್ಮಿತಾಳಿಗಾಗಿ ಜಾಗ ಮಾಡುತ್ತಿದ್ದಳು.

ನಾಲ್ಕನೇ ಪ್ರಶ್ನೆಗೆ ಎರಡು ಮಾರ್ಕು. ಅದು ಸಿಕ್ಕಿದ್ದರೆ ಆರು ಆಗುತ್ತಿತ್ತು.

*

ಸಂಜೆ ಅಮ್ಮ ಬಂದಾಗ ಏಳು ಗಂಟೆ. ಅಮ್ಮನ ಹೆಸರು ವಸಂತಿ. ಘಾಟ್ಕೋಪರಿನ ಲ್ಯಾಬೊಂದರಲ್ಲಿ ದಿನವಿಡೀ ಜನರ ತೋಳಿನಿಂದ ರಕ್ತ ತೆಗೆಯುವ ಕೆಲಸ. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಅವಳ ದುಪಟ್ಟಾ ಮುದ್ದೆಯಾಗಿತ್ತು. ಒಂದು ಕೈಯಲ್ಲಿ ಬಸಳೆಯ ಕಟ್ಟು, ಇನ್ನೊಂದರಲ್ಲಿ ಚಪ್ಪಲಿ.

“ಬಾರು ಕಿತ್ತು ಹೋಯ್ತು ಮಾರಾಯ್ತಿ. ಬರಿಗಾಲಲ್ಲಿ ಬಂದೆ.”

ನಿಶ್ಮಿತಾ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಬಾಗಿಲಲ್ಲೇ ಶುರು ಮಾಡಿದಳು. ಸೊನ್ನೆ, ಕೀ, ಅನುರಾಗನ ನಗು, ಚಾಪೆ, ಆನೆಯ ಚಿತ್ರ, ಎಲ್ಲ ಒಂದೇ ಉಸಿರಿನಲ್ಲಿ.

ಅಮ್ಮ ಬಸಳೆ ತೊಳೆಯುತ್ತ ಕೇಳಿದಳು. “ಬಿಡು. ನಾಲ್ಕು ದಿನ ಚಾಪೆಯಲ್ಲಿ ಕೂತರೆ ಎಂತ ಆಗ್ತದೆ? ಫ್ಯಾನ್ ಉಂಟಲ್ಲ ಅಲ್ಲಿ?”

“ಫ್ಯಾನಾ?” ನಿಶ್ಮಿತಾಳ ದನಿ ಏರಿತು. “ನಾನು ಸರಿಯಾಗಿ ಓದಿದ್ದೇನೆ ಅಮ್ಮ! ಎಲ್ಲರಿಗಿಂತ ಸರಿಯಾಗಿ!”

“ಸರಿಯೇ ಇರ್ಬಹುದು. ಮನೇಲಿ ಒಬ್ಬಳೇ ಇರೂದು ಬೇಡ ಅಂತ ಕಳಿಸಿದ್ದು ನಾನು. ಮಾರ್ಕಿಗೆ ಅಲ್ಲ.”

“ಈ ‘ಹೋಗ್ತೇನೆ’ ಕಲಿಸಿದ್ದೇ ನೀನು! ದಿನಾ ಬಾಗಿಲಲ್ಲಿ ಬೈತಿ, ‘ಹೋಗ್ತೇನೆ ಅನ್ಬಾರ್ದು, ಬರ್ತೇನೆ ಅನ್ನು’ ಅಂತ. ನಾಳೆ ನೀನೇ ಬಂದು ಮಿಸ್‌ಗೆ ಹೇಳು.”

ಅಮ್ಮನಿಗೆ ನಗು ಬಂತು. ಸುಸ್ತಾದವರ ನಗು. ಆದರೆ ನಿಶ್ಮಿತಾಳಿಗೆ ಅದು ಅನುರಾಗನ ನಗುವಿನ ಹಾಗೇ ಕೇಳಿಸಿತು.

*

ಬೆಳಿಗ್ಗೆ ಒಂಬತ್ತೂಕಾಲಕ್ಕೆ ಅವಳು ಮತ್ತೊಮ್ಮೆ ಕೇಳಿದಳು. “ಬರ್ತಿಯಾ, ಇಲ್ವಾ?”

ಅಪ್ಪ ಮಾಟುಂಗದ ಹೋಟೆಲಿನ ಕೆಲಸಕ್ಕೆ ಐದು ಗಂಟೆಗೇ ಹೋಗಿಯಾಗಿತ್ತು. ಕೇಳಲು ಅಮ್ಮ ಒಬ್ಬಳೇ ಇದ್ದದ್ದು. ಅವಳು ತನ್ನ ಡಬ್ಬಿಗೆ ಅನ್ನ ತುಂಬುತ್ತಿದ್ದಳು.

“ಲೋಕಲ್ ತಪ್ತದೆ ನಿಶೂ. ನಿನ್ನೆಯೇ ಲೇಟಾಗಿದೆ. ಹಟ ಮಾಡ್ಬೇಡ. ನೋಡು, ಮಧ್ಯಾಹ್ನಕ್ಕೆ ಮೊಸರು...”

“ಬೇಡ ಬಿಡು. ಯಾರೂ ಬರೂದು ಬೇಡ.” ನಿಶ್ಮಿತಾ ಚಪ್ಪಲಿ ಹಾಕಿಕೊಂಡಳು. ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟು, ತಿರುಗಿ, ಬೇಕೆಂದೇ ಒತ್ತಿ ಹೇಳಿದಳು:

“ನಾನು ಹೋಗ್ತೇನೆ.”

ಅಮ್ಮ ಬೈಯಲಿಲ್ಲ. ಡಬ್ಬಿಯ ಮುಚ್ಚಳ ಒತ್ತುತ್ತಿದ್ದ ಅವಳ ಕೈ ಹಾಗೇ ನಿಂತಿತು.

ನಿಶ್ಮಿತಾ ಬಾಗಿಲನ್ನು ಧಡಾರನೆ ಎಳೆದುಕೊಂಡು ಮೆಟ್ಟಿಲಿಳಿದಳು. ಕೆಳಗೆ ಶೀತಲ್ ಕಾಯುತ್ತಿದ್ದಳು. ಅದೇ ಬಿಲ್ಡಿಂಗಿನವಳು, ಮರಾಠಿ ಹುಡುಗಿ. ಕ್ಯಾಂಪಿಗೆ ಯಾರು ಬೇಕಾದರೂ ಬರಬಹುದು ಎಂದು ಗೆಳತಿಯ ಜೊತೆ ಸೇರಿಕೊಂಡವಳು.

“ಕಾಯ್ ಝಾಲಂ? ಏನಾಯ್ತು? ಫೇಸ್ ಯಾಕೆ ಟೊಮ್ಯಾಟೊ?” ಅಂದಳು. ನಿಶ್ಮಿತಾಳ ಜೊತೆ ಇದ್ದು ಇದ್ದು ಅವಳಿಗೆ ಇಷ್ಟು ಕನ್ನಡ ಬರುತ್ತಿತ್ತು.

ದಾರಿಯಲ್ಲಿ ನಿಶ್ಮಿತಾ ಅವಳಿಗೆ ‘ಹೋಗುತ್ತೇನೆ’ಯ ವಿಷಯ ಬಿಡಿಸಿ ಹೇಳಿದಳು. ಶೀತಲ್ ರಸ್ತೆಯ ನಡುವೆಯೇ ನಿಂತುಬಿಟ್ಟಳು. ಹಿಂದಿನ ರಿಕ್ಷಾದವನು ಹಾರ್ನ್ ಬಾರಿಸಿದ.

“ಅರೇ! ನಮ್ಮ ಆಜೀ ಕೂಡ! ‘ಜಾತೇ’ ಅಂದ್ರೆ ಹೊಡೀತಾಳೆ. ‘ಯೇತೇ’ ಅನ್ಬೇಕು. ಹೋಗೋವಾಗ್ಲೂ ಬರ್ತೀನಿ ಅನ್ಬೇಕು!”

“ಹಾಗಾದ್ರೆ ನೀನು ಒಂಬತ್ತನೇ ಪುಟ ಅಂತ ಯಾಕೆ ಬರೆದಿ?”

“ನಾನು ಓದಿದ್ದು ‘ಬೈ’ ಅಲ್ವಾ,” ಅಂದಳು ಶೀತಲ್.

*

ಹಾಲ್‌ನಲ್ಲಿ ನಿಶ್ಮಿತಾ ಚಾಪೆಯ ಮೇಲೆ ಕೂರಲಿಲ್ಲ. ಬೆಂಚಿನ ಮೇಲೂ ಕೂರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಪುಸ್ತಿಕೆಯನ್ನು ಎದೆಗೊತ್ತಿಕೊಂಡು ನಿಂತಳು.

“ಕೂತ್ಕೋ ನಿಶ್ಮಿತಾ.”

“ಕೂತ್ಕೊಳ್ಳೂದಿಲ್ಲ ಮಿಸ್.”

“ಎಷ್ಟೊತ್ತು ನಿಂತಿರ್ತೀಯ?”

“ನೀವು ಎಡಗಡೆ ಪೇಜ್ ಓದೋವರೆಗೆ.”

ಪ್ರಿಯಂವದಾ ಮಿಸ್ ಎದ್ದು ಬಂದರು. ಅವರು ಕಾಲೇಜಿನಲ್ಲಿ ಓದುವವರು, ರಜೆಯಲ್ಲಿ ಮಾತ್ರ ಮಿಸ್. ಹತ್ತಿರ ಬಂದಾಗ ಅವರ ಮುಖದಲ್ಲಿ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚು ಕಂಡಿತು.

“ನಂಗೆ ಕನ್ನಡ ಓದಕ್ಕೆ ಬರಲ್ಲ ಕಣೇ,” ಮೆಲ್ಲಗೆ ಹೇಳಿದರು. “ಮನೇಲಿ ಮಾತಾಡ್ತೀವಿ. ಓದೋದು ಕಲೀಲೇ ಇಲ್ಲ.”

ನಿಶ್ಮಿತಾ ಪುಸ್ತಿಕೆಯನ್ನು ಎದೆಯಿಂದ ಕೆಳಗಿಳಿಸಿದಳು. ಆಮೇಲೆ ಕೇಳಿದಳು, “ನಿಮ್ಮನೇಲಿ ಅಜ್ಜಿ ಇದ್ದಾರಾ ಮಿಸ್?”

“ಇದ್ರು. ಮೈಸೂರಲ್ಲಿ.”

“ಅವರು ಹೊರಡೋವಾಗ ಎಂತ ಹೇಳ್ತಿದ್ರು?”

“ಏನು... ‘ಹೋಗ್ಬಿಟ್ಟು ಬರ್ತೀನಿ ಕಣಮ್ಮ’ ಅಂತಿದ್ರು. ಬರೀ ಪಕ್ಕದ ಬೀದಿಗೆ ಹೋಗೋದಾದ್ರೂ...” ಮಿಸ್ ಪುಸ್ತಿಕೆಗೆ ಕೈ ಚಾಚಿದರು. “ಎಲ್ಲಿ? ಯಾವ ಅಕ್ಷರ? ತೋರ್ಸು.”

ನಿಶ್ಮಿತಾ ಬೆರಳಿಟ್ಟಳು. “ಇದು ಹೋ. ಇದು ಗು. ಇದು ತ್ತೇ. ಇದು ನೆ.”

ಮಿಸ್ ಬೆರಳನ್ನು ಹಿಂಬಾಲಿಸಿ ತುಟಿ ಅಲ್ಲಾಡಿಸಿದರು, ಚಾಪೆಯ ಮಕ್ಕಳು ಓದುವ ಹಾಗೆ. “ಓಕೆ. ಆದ್ರೆ ಅವ್ನು ಸುಮ್ನೆ ಮರ್ತು ಹಾಗೆ ಅಂದಿರಬಹುದಲ್ಲ? ಇನ್ನೊಂದು ಎವಿಡೆನ್ಸ್ ಇದ್ಯಾ?”

“ಉಂಟು. ಮುಂದಿನ ಸಾಲು. ‘ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತಿಗೆಯ ಕೈ ನಿಂತಿತು.’ ಅತ್ತಿಗೆಗೆ ಆಗಲೇ ಗೊತ್ತಾಯ್ತು ಮಿಸ್. ಅದಕ್ಕೇ ಕೈ ನಿಂತದ್ದು.”

“ಬರೀ ಒಂದು ಮಾತಿಗೆ?”

“ಬರೀ ಒಂದು ಮಾತಲ್ಲ ಅದು! ವಾಪಸ್ ಬರುವವರು ಹಾಗೆ ಹೇಳೂದೇ ಇಲ್ಲ. ಹಾಗೆ ಹೇಳಿದ್ರೆ, ಕೇಳಿದವರು ದಿನವಿಡೀ ಬಾಗಿಲೇ ನೋಡ್ತಾ ಇರ್ತಾರೆ. ಮನೇಲಿ ಇರುವವರಿಗೆ...”

ನಿಶ್ಮಿತಾ ನಿಲ್ಲಿಸಿದಳು.

ಅವಳ ಕಣ್ಣ ಮುಂದೆ ಈಗ ಮೊರ ಇರಲಿಲ್ಲ, ಅಕ್ಕಿಯೂ ಇರಲಿಲ್ಲ. ಸ್ಟೀಲಿನ ಡಬ್ಬಿ ಇತ್ತು. ಅದರ ಮುಚ್ಚಳದ ಮೇಲೆ ನಿಂತ ಕೈ ಇತ್ತು.

“ಮನೇಲಿ ಇರುವವರಿಗೆ? ಹೇಳು, ಕೇಳ್ತಿದೀನಿ,” ಅಂದರು ಮಿಸ್. ಅವರು ಆಗಲೇ ಮೇಜಿಗೆ ಹೋಗಿ, ವರ್ಕ್‌ಶೀಟಿನ ಸೊನ್ನೆಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು. ಪಕ್ಕದಲ್ಲಿ ದೊಡ್ಡದಾಗಿ ‘೨’ ಬರೆದಿದ್ದರು. ಬಹುಶಃ ಅವರಿಗೆ ಬರುತ್ತಿದ್ದ ಒಂದೇ ಕನ್ನಡ ಅಂಕಿ. ಶೀತಲ್ ಬೆಂಚಿನ ಮೇಲೆ ನಿಂತು ಚಪ್ಪಾಳೆ ತಟ್ಟಿದಳು. “ತಾಲಾ ಖುಲ್ ಗಯಾ! ಬೀಗ ತೆರೀತು!” ಎಂದ ಅನುರಾಗ್.

ನಿಶ್ಮಿತಾ ಆ ಕಡೆ ನೋಡಲಿಲ್ಲ.

“ಮಿಸ್, ನಿಮ್ಮ ಫೋನ್ ಕೊಡ್ತೀರಾ? ಒಂದೇ ನಿಮಿಷ.”

ಫೋನು ತೆಗೆದುಕೊಂಡು ಅವಳು ಮೆಟ್ಟಿಲಿನ ಹತ್ತಿರ ಹೋದಳು. ಅಮ್ಮ ಈಗ ಲೋಕಲಿನಲ್ಲಿರುತ್ತಾಳೆ. ಗರ್ದಿಯಲ್ಲಿ ಫೋನ್ ತೆಗೆಯಲಿಕ್ಕೆ ಕೈಯೇ ಆಡುವುದಿಲ್ಲ, ಹತ್ತು ಸಲ ರಿಂಗಾದರೂ ಎತ್ತುವುದಿಲ್ಲ ಎಂದು ಅವಳೇ ಹೇಳುತ್ತಿರುತ್ತಾಳೆ.

ಒಂದೇ ರಿಂಗಿಗೆ ಅಮ್ಮ ಎತ್ತಿದಳು. ಗೊತ್ತಿಲ್ಲದ ನಂಬರು ಬೇರೆ.

“ಹಲೋ? ಯಾರು? ಎಂತ ಆಯ್ತು?”

“ನಾನಮ್ಮ. ಎಂತ ಆಗ್ಲಿಲ್ಲ.”

ಆ ಕಡೆಯಿಂದ ರೈಲಿನ ಸದ್ದು, ಹೆಂಗಸರ ಗಲಾಟೆ. ‘ಪುಢೀಲ್ ಸ್ಥಾನಕ್, ಕಾಂಜುರ್‌ಮಾರ್ಗ್’ ಎಂದು ಮುಂದಿನ ಸ್ಟೇಶನ್ನಿನ ಹೆಸರು ಹೇಳುವ ದನಿ. ಎರಡು ಮಾರ್ಕಿನ ಸುದ್ದಿ ನಿಶ್ಮಿತಾಳ ನಾಲಿಗೆಯ ತುದಿಯಲ್ಲೇ ಇತ್ತು. ಅದು ಹೊರಗೆ ಬರಲಿಲ್ಲ.

“ಅಮ್ಮಾ,” ಅಂದಳು. “ಬರ್ತೇನೆ.”

ರೈಲು ಕಟಕಟ ಎನ್ನುತ್ತ ಓಡಿತು. ಆಮೇಲೆ ಅಮ್ಮ ಹೇಳಿದಳು:

“ಮಧ್ಯಾಹ್ನಕ್ಕೆ ಮೊಸರು ಫ್ರಿಜ್ಜಿನಲ್ಲಿ ಉಂಟು. ಉಪ್ಪು ಹಾಕಿಲ್ಲ.”

“ಆಯ್ತು.”

ನಿಶ್ಮಿತಾ ಒಳಗೆ ಬಂದು ಫೋನ್ ವಾಪಸ್ ಕೊಟ್ಟಳು. ಮಿಸ್ ಅವಳ ಒದ್ದೆ ಕಣ್ಣನ್ನೂ ನೋಡಿದರು, ನಗುವನ್ನೂ ನೋಡಿದರು.

“ಅಮ್ಮ ತಾನೇ? ಏನಂದ್ರು?”

“ಮೊಸರು ಫ್ರಿಜ್ಜಿನಲ್ಲಿ ಉಂಟಂತೆ ಮಿಸ್,” ಅಂದಳು ನಿಶ್ಮಿತಾ, ಮತ್ತು ಹೋಗಿ ಶೀತಲಳ ಪಕ್ಕದಲ್ಲಿ ಕೂತಳು.