ರಾಯ್ಸ್‌ನ ದನಿಯಿದ್ದ ಕ್ಯಾಸೆಟ್ಟು

ನನ್ನ ಕಿವಿಯನ್ನು ನಾನೇ ಪೂರ್ತಿ ನಂಬುವುದಿಲ್ಲ, ನಡೆದಷ್ಟನ್ನೇ ಹೇಳುತ್ತೇನೆ.

ನಮ್ಮ ಸಿಯಾಟಲ್‌ನ ಗ್ರಂಜ್ ಎಂಬ ಒರಟು ರಾಕ್ ಸಂಗೀತದ ಗಾಯಕ ರಾಯ್ಸ್ ತೀರಿಕೊಂಡಾಗ, ಅವನ ದನಿ ಉಳಿದದ್ದು ಸಂಗೀತ ಕಚೇರಿಯೊಂದರಲ್ಲಿ ನಾನು ಕದ್ದು ಮುದ್ರಿಸಿದ್ದ ಕ್ಯಾಸೆಟ್ಟಿನಲ್ಲಿ ಮಾತ್ರ. ಮೂಲವನ್ನು ಯಾರಿಗೂ ಕೊಡಬಾರದು, ಪ್ರತಿ ಮಾಡಿ ಕೊಡಬೇಕು ಎಂಬುದು ನಮ್ಮ ಅಭಿಮಾನಿಗಳ ಕಟ್ಟಳೆ. ಮಗನ ದನಿಗೆ ಹಂಬಲಿಸುತ್ತಿದ್ದ ಅವನ ತಾಯಿ ಇಂಗ್ರಿಡ್‌ಗೂ ಪ್ರತಿಯನ್ನೇ ಒಯ್ದು, ಅವರ ಮನೆಯ ಟೇಪಿನಲ್ಲಿ ಹಾಕಿ ಕೇಳಿಸಿದೆ.

“ಹಾಡ್ತಾನೋ, ಜಲ್ಲಿ ಅಗೀತಾನೋ?” ಎಂದು ಆಕೆ ನಕ್ಕರು.

“ಆ ಜಲ್ಲಿಗೇ ಅಮ್ಮಾ, ನಾವು ಮರುಳಾಗಿದ್ದು.”

ಹಾಡು ಮುಗಿದಾಗ ಟೇಪು ನಿಲ್ಲಿಸಿದೆ. ಆದರೂ ಸ್ಪೀಕರಿನಿಂದ ಉಸಿರೆಳೆದುಕೊಂಡ ಸದ್ದು ಬಂತು, ಹಾಡುವ ಮುಂಚೆ ಅವನು ಎಳೆದುಕೊಳ್ಳುತ್ತಿದ್ದಂತೆಯೇ. ಸ್ಪೀಕರಿನ ಬಟ್ಟೆ ಮುಟ್ಟಿದರೆ ಬೆಚ್ಚಗೆ, ಒದ್ದೆಯಾಗಿತ್ತು.

“ನಿಲ್ಸಿದ್ಯಾ, ಮಗಾ?” ಎಂದರು ಇಂಗ್ರಿಡ್.

“ನಿಲ್ಸಿದೀನಿ.”

“ಹಾಗಾದ್ರೆ ಸುಮ್ನಿರು. ಹಾಡ್ಲಿ.”

ಮನೆಗೆ ಬಂದು ಮೂಲ ಕ್ಯಾಸೆಟ್ಟು ಹಾಕಿದೆ. ಗಿಟಾರು, ಡ್ರಮ್ಮು, ಚಪ್ಪಾಳೆ ಎಲ್ಲ ಇದ್ದವು. ಅವನ ದನಿ ಮಾತ್ರ ಇರಲಿಲ್ಲ, ಇಂದಿಗೂ ಇಲ್ಲ.